ಕಾರಟಗಿಯ ಸಾರ್ಟೆಕ್ಸ್ ನಿಂತ ಸುಗ್ಗಿ: ಒಂದು ಹಳೇ ಚಿಪ್‌ನ ಪ್ರಕರಣ

2021ರ ಅಕ್ಟೋಬರ್ ಕೊನೆ. ಗಂಗಾವತಿಯಿಂದ ಸಿಂಧನೂರಿನವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಲ್ಲಿ ಭತ್ತ ತೆನೆ ಬಾಗಿ ನಿಂತಿತ್ತು. ಇನ್ನು ಎರಡು-ಮೂರು ವಾರದಲ್ಲಿ ಕೊಯ್ಲು, ಆಮೇಲೆ ಗಿರಣಿಗಳ ಮುಂದೆ ಟ್ರ್ಯಾಕ್ಟರ್ ಸಾಲು. ಅಂಥ ಹೊತ್ತಿನಲ್ಲಿ ಕಾರಟಗಿ ಸಮೀಪದ ಮಧ್ಯಮ ಗಾತ್ರದ ಅಕ್ಕಿ ಗಿರಣಿಯೊಂದರಲ್ಲಿ ಕಾಳು ಆರಿಸುವ ಯಂತ್ರ, ಅಂದರೆ ಸಾರ್ಟೆಕ್ಸ್, ನಿಂತುಹೋಯಿತು. ಅದರ ಹೊಸ ಕಂಟ್ರೋಲ್ ಬೋರ್ಡ್ ಗಿರಣಿಗೆ ಮುಟ್ಟಿದ್ದು ಮರುವರ್ಷದ ಮಳೆಗಾಲದಲ್ಲಿ. ನಡುವೆ ಒಂದು ಪೂರ್ತಿ ಸುಗ್ಗಿ ಬಂದು ಹೋಯಿತು.

ಈ ಭಾಗದ ಗಿರಣಿಗಳ ಪ್ಯಾನೆಲ್, ಡ್ರೈವ್, ಬೋರ್ಡ್ ರಿಪೇರಿ ನನ್ನ ಕಸುಬು. ಈ ಕೆಲಸದಲ್ಲಿ ಮೊದಲಿಂದ ಕೊನೆವರೆಗೆ ಇದ್ದೆ. ಗಿರಣಿಯ ಹೆಸರನ್ನೂ ಯಂತ್ರದ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ. ಅಂದಹಾಗೆ, ನಮ್ಮಲ್ಲಿ ಯಾವ ಕಂಪನಿಯದಾದರೂ ಬಣ್ಣ ನೋಡಿ ಕಾಳು ಆರಿಸುವ ಯಂತ್ರಕ್ಕೆ ಸಾರ್ಟೆಕ್ಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಆ ಹೆಸರಿನ ಕಂಪನಿಯನ್ನು ಉದ್ದೇಶಿಸಿದ್ದಲ್ಲ.

ಕೆಟ್ಟಿದ್ದು ಏನು

ಪಾಲಿಶ್ ಆದ ಅಕ್ಕಿ ಹಾಪರ್‌ನಿಂದ ಕಂಪಿಸುವ ತಟ್ಟೆಗೆ ಬಿದ್ದು, ಇಳಿಜಾರು ಚ್ಯೂಟ್‌ನಲ್ಲಿ ಒಂದೇ ಪದರವಾಗಿ ಜಾರುತ್ತದೆ. ಚ್ಯೂಟ್ ಮುಗಿದ ಜಾಗದಲ್ಲಿ ಹಿಂದೆ-ಮುಂದೆ ಕ್ಯಾಮೆರಾ, ಎಲ್‌ಇಡಿ ಬೆಳಕು. ಕಪ್ಪು ಚುಕ್ಕಿ, ಹಳದಿ ಕಾಳು, ಸಣ್ಣ ಹರಳು, ಸಿಪ್ಪೆ ಬಿಡದ ಭತ್ತ, ಯಾವುದೇ ಕಂಡರೂ ಕೆಲವೇ ಮಿಲಿಸೆಕೆಂಡಿನಲ್ಲಿ, ಅದು ಕೆಳಗೆ ಹಾದುಹೋಗುವಷ್ಟರಲ್ಲಿ, ಸರಿಯಾದ ಕವಾಟ ತೆರೆದು ಗಾಳಿ ಹೊಡೆದು ಆ ಕಾಳನ್ನು ಆಚೆ ತಳ್ಳಬೇಕು. ಒಂದು ಕಾಳಿಗೆ ಹೊಡೆಯಲು ಹೋಗಿ ಪಕ್ಕದ ಹತ್ತು ಒಳ್ಳೇ ಕಾಳು ಹಾರಿದರೆ ಗಿರಣಿಗೆ ನಷ್ಟ. ಇಷ್ಟು ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರ್ ಪ್ರೊಸೆಸರ್ ಹೊತ್ತಿಗೆ ಸರಿಯಾಗಿ ಮುಗಿಸುವುದು ಕಷ್ಟ. ಹಾಗಾಗಿ ಇಂಥ ಯಂತ್ರಗಳಲ್ಲಿ ಎಫ್‌ಪಿಜಿಎ ಎಂಬ ಚಿಪ್ ಇರುತ್ತದೆ. ಅದು ಕಾರ್ಖಾನೆಯಿಂದ ಖಾಲಿಯಾಗಿ ಬರುತ್ತದೆ. ಒಳಗಿನ ಲಾಜಿಕ್ಕನ್ನು ಯಂತ್ರ ತಯಾರಿಸುವವರೇ ಬರೆದು ಪಕ್ಕದ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ (ಕರೆಂಟ್ ಹೋದರೂ ಮರೆಯದ ಮೆಮೊರಿ) ಇಡುತ್ತಾರೆ. ಪ್ರತಿ ಸಲ ಯಂತ್ರ ಆನ್ ಮಾಡಿದಾಗ ಎಫ್‌ಪಿಜಿಎ ಅಲ್ಲಿಂದ ತನ್ನ ಪಾಠ ಓದಿಕೊಂಡು ಕೆಲಸಕ್ಕೆ ಕೂರುತ್ತದೆ.

ಆ ರಾತ್ರಿ ಕರೆಂಟು ಹೋಗಿ ಜನರೇಟರ್‌ಗೆ ಬದಲಾಯಿಸಿದ್ದಾರೆ. ಯಂತ್ರಕ್ಕೊಂದು ಯುಪಿಎಸ್ ಇತ್ತು, ಆದರೆ ಬ್ಯಾಟರಿ ಸತ್ತು ತಿಂಗಳುಗಳಾಗಿ ಅದನ್ನು ಬೈಪಾಸ್‌ನಲ್ಲಿ ಇಟ್ಟಿದ್ದರು. ಈ ಭಾಗದ ಅರ್ಧಕ್ಕರ್ಧ ಗಿರಣಿಗಳಲ್ಲಿ ಯುಪಿಎಸ್‌ನ ಸ್ಥಿತಿ ಅದೇ. ಬೆಳಿಗ್ಗೆ ಆಪರೇಟರ್ ಸ್ವಿಚ್ ಹಾಕಿದರೆ ಪರದೆ ಬೆಳಗಿತು, ಲೈಟು ಹತ್ತಿತು, ತಟ್ಟೆ ಕಂಪಿಸಿತು. ಆದರೆ ಪರದೆಯಲ್ಲಿ ಎಲ್ಲ ಕ್ಯಾಮೆರಾಗಳ ಮುಂದೆಯೂ ಸಿಗ್ನಲ್ ಇಲ್ಲ ಅಂತ ಬಂತು. ಒಂದು ಕ್ಯಾಮೆರಾ ಹೋದರೆ ಕೇಬಲ್ ನೋಡಬಹುದು. ಎಲ್ಲವೂ ಒಟ್ಟಿಗೇ ಹೋದರೆ ಕಂಟ್ರೋಲ್ ಬೋರ್ಡ್ ಬಿಟ್ಟು ಬೇರೆ ಕಡೆ ಹುಡುಕುವ ಅಗತ್ಯವಿಲ್ಲ.

ಬೋರ್ಡ್ ಬಿಚ್ಚಿ ತೌಡಿನ ಧೂಳು ಊದಿ ಮೀಟರ್ ಹಿಡಿದೆ. 5 ವೋಲ್ಟನ್ನು 1.2 ವೋಲ್ಟಿಗೆ ಇಳಿಸುವ ರೆಗ್ಯುಲೇಟರ್ ಚಿಪ್ ಒಳಗೇ ಶಾರ್ಟ್ ಆಗಿತ್ತು. ಅದರಾಚೆ, 1.2 ವೋಲ್ಟ್ ಇರಬೇಕಾದ ಕೆಪಾಸಿಟರ್ ಮೇಲೆ ಹೆಚ್ಚುಕಡಿಮೆ ಪೂರ್ತಿ 5 ವೋಲ್ಟ್. ಆ ಗೆರೆಯಲ್ಲಿ ಕೂತಿದ್ದು ಎಫ್‌ಪಿಜಿಎ. ರೆಗ್ಯುಲೇಟರ್ ನೂರಿನ್ನೂರು ರೂಪಾಯಿಯ ಸಾಮಾನು, ಬದಲಿ ಸಿಕ್ಕಿತು. ಎಫ್‌ಪಿಜಿಎ ಮಾತ್ರ ಸುಟ್ಟು ಕೂತಿತ್ತು, ಬೆರಳಿಟ್ಟರೆ ಬಿಸಿ, ಕೇಳಿದರೆ ಉತ್ತರ ಇಲ್ಲ.

ಬದಲಿಗೆ ಬೇರೆ ಎಫ್‌ಪಿಜಿಎ ಹಾಕಬಾರದೇ ಅಂತ ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೋರ್ ಮೋಟಾರಿನ ಸ್ಟಾರ್ಟರ್ ಒಂದು ಕಂಪನಿಯದು ಸಿಗದಿದ್ದರೆ ಇನ್ನೊಂದು ಹಾಕುತ್ತೇವಲ್ಲ. ಇಲ್ಲಿ ಹಾಗಾಗುವುದಿಲ್ಲ. ಫ್ಲ್ಯಾಶ್‌ನಲ್ಲಿರುವ ಪಾಠವನ್ನು ಅದೇ ಮಾದರಿಯ, ಅದೇ ಗಾತ್ರದ, ಅದೇ ಸಂಖ್ಯೆಯ ಚಿಪ್ ಮಾತ್ರ ಓದಬಲ್ಲದು. ಅದೇ ಕಂಪನಿಯ ಒಂದು ಮೆಟ್ಟಿಲು ದೊಡ್ಡ ಚಿಪ್ ಕೂಡ ಓದಲಾರದು. ಮೂಲ ವಿನ್ಯಾಸದ ಕಡತ ಯಂತ್ರದ ಕಂಪನಿಯ ಕೈಯಲ್ಲಿ, ಅದನ್ನು ಅವರು ಕೊಡುವುದಿಲ್ಲ. ಅವರನ್ನೂ ದೂರಲಾರೆ, ಅವರ ವ್ಯಾಪಾರವೇ ಅದು.

ಬೆಂಗಳೂರಿನ ಏಜೆಂಟನಿಗೆ ಫೋನ್ ಮಾಡಿದರೆ, "ಬೋರ್ಡ್ ಬುಕ್ ಮಾಡ್ತೀನಿ, ಆದ್ರ ವರ್ಷ ಅಂತ ಇಟ್ಕೋರಿ" ಅಂದ. ಹೊಸ ಯಂತ್ರವನ್ನೇ ಕೊಳ್ಳುತ್ತೇವೆ ಅಂದರೂ ಉತ್ತರ ಹೆಚ್ಚು ಬದಲಾಗಲಿಲ್ಲ. ಹೊಸ ಯಂತ್ರಕ್ಕೂ ಅದೇ ಜಾತಿಯ ಚಿಪ್ ಬೇಕಲ್ಲ.

ವರ್ಷ ಯಾಕೆ

ಚಿಪ್ ಕೊರತೆ ಅಂದಾಗ ಟಿವಿಯಲ್ಲಿ ತೋರಿಸುವುದು ಫೋನಿನೊಳಗಿನ ಅತಿಸೂಕ್ಷ್ಮ ಚಿಪ್. ತೈವಾನಿನ ಟಿಎಸ್‌ಎಂಸಿ 2020ರಲ್ಲೇ 5 ನ್ಯಾನೊಮೀಟರ್ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತ್ತು. ನ್ಯಾನೊಮೀಟರ್ ಸಂಖ್ಯೆ ಚಿಕ್ಕದಾದಷ್ಟೂ ಚಿಪ್ ಹೊಸ ತಲೆಮಾರಿನದು. ನಮ್ಮ ಸಾರ್ಟೆಕ್ಸಿನ ಚಿಪ್ ಅದಕ್ಕಿಂತ ಎಷ್ಟೋ ತಲೆಮಾರು ಹಿಂದಿನದು. 1.2 ವೋಲ್ಟಿನ ಎಫ್‌ಪಿಜಿಎಗಳು 90ರಿಂದ 45 ನ್ಯಾನೊಮೀಟರ್ ಕಾಲದವು. ಹಳೇದಾದರೆ ಸುಲಭವಾಗಿ ಸಿಗಬೇಕು ಅಂತ ಅನ್ನಿಸುತ್ತದೆ. ಆಗಿದ್ದು ತದ್ವಿರುದ್ಧ.

ಹಳೇ ತಲೆಮಾರಿನ ಚಿಪ್ ಅಗ್ಗ ಯಾಕೆಂದರೆ ಅದನ್ನು ಮಾಡುವ ಕಾರ್ಖಾನೆಯ ಸಾಲ ಎಂದೋ ತೀರಿದೆ, ಯಂತ್ರಗಳ ಸವಕಳಿ ಲೆಕ್ಕ ಮುಗಿದಿದೆ. ಅದೇ ಚಿಪ್‌ಗಾಗಿ ಇವತ್ತು ಹೊಸ ಕಾರ್ಖಾನೆ ಕಟ್ಟಿದರೆ ಇವತ್ತಿನ ದರದಲ್ಲೇ ಕಟ್ಟಬೇಕು, ಚಿಪ್ ಮಾತ್ರ ಹಳೇ ದರಕ್ಕೇ ಮಾರಬೇಕು. ಯಾರು ಕೈ ಹಾಕುತ್ತಾರೆ? ಹಾಗಾಗಿ ವರ್ಷಗಟ್ಟಲೆ ಸಾಮರ್ಥ್ಯ ಬೆಳೆಯಲಿಲ್ಲ, ಬೇಡಿಕೆ ಮಾತ್ರ ಬೆಳೆಯುತ್ತ ಹೋಯಿತು. ಕಾರು, ವಾಷಿಂಗ್ ಮಷಿನ್, ವಿದ್ಯುತ್ ಮೀಟರ್, ಸೋಲಾರ್ ಇನ್ವರ್ಟರ್ ಎಲ್ಲಕ್ಕೂ ಬೇಕಾದದ್ದು ಹಳೇ ಚಿಪ್‌ಗಳೇ.

2020ರ ಲಾಕ್‌ಡೌನ್‌ನಲ್ಲಿ ಕಾರು ಕಂಪನಿಗಳು ಆರ್ಡರ್ ರದ್ದು ಮಾಡಿದವು. ಖಾಲಿಯಾದ ಜಾಗವನ್ನು ಲ್ಯಾಪ್‌ಟಾಪ್, ಫೋನ್, ಟಿವಿಯವರು ಹಿಡಿದರು. ವರ್ಷದ ಕೊನೆಗೆ ಕಾರಿನವರು ಮರಳಿ ಬಂದಾಗ ಸರದಿಯ ಕೊನೆಯಲ್ಲಿದ್ದರು. ಅಷ್ಟರಲ್ಲಿ ಒಂದರ ಹಿಂದೆ ಒಂದು ಪೆಟ್ಟು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಅಸಾಹಿ ಕಾಸೆಯವರ ಚಿಪ್ ಕಾರ್ಖಾನೆಗೆ ಬೆಂಕಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಹಿಮಗಾಳಿಗೆ ಕರೆಂಟ್ ಹೋಗಿ ಆಸ್ಟಿನ್ನಿನ ಸ್ಯಾಮ್‌ಸಂಗ್, ಎನ್‌ಎಕ್ಸ್‌ಪಿ, ಇನ್ಫಿನಿಯಾನ್ ಕಾರ್ಖಾನೆಗಳು ಬಂದ್. ಮಾರ್ಚ್ 19ಕ್ಕೆ ಜಪಾನಿನ ನಾಕಾದಲ್ಲಿ ರೆನೆಸಾಸ್ ಕಾರ್ಖಾನೆಗೆ ಬೆಂಕಿ. ಜೂನ್ ನಂತರ ಮಲೇಷ್ಯಾದಲ್ಲಿ ಕೋವಿಡ್ ಲಾಕ್‌ಡೌನ್. ಜಗತ್ತಿನ ಚಿಪ್ ಪ್ಯಾಕೇಜಿಂಗ್ ಮತ್ತು ಪರೀಕ್ಷೆಯ ಸುಮಾರು 13 ಶೇಕಡಾ ಆ ದೇಶದಲ್ಲೇ ನಡೆಯುತ್ತದೆ. ಚಿಪ್ ತಯಾರಾಗಿ ಸಿಲಿಕಾನ್ ಬಿಲ್ಲೆಯ (ವೇಫರ್) ಮೇಲೆ ಕೂತಿದ್ದರೂ ಅದಕ್ಕೆ ಕಾಲು ಕಟ್ಟಿ, ಕವಚ ಹಾಕಿ, ಪರೀಕ್ಷೆ ಮಾಡುವವರು ಮನೆಯಲ್ಲಿ ಕೂತಿದ್ದರು.

ಮತ್ತೆ ಇದು ಒಂದು ವಾರದಲ್ಲಿ ಮಾಡಿ ಮುಗಿಸುವ ಸಾಮಾನಲ್ಲ. ಸಿಲಿಕಾನ್ ಬಿಲ್ಲೆ ಕಾರ್ಖಾನೆಯೊಳಗೆ ಹೋದಮೇಲೆ ನೂರಾರು ಹಂತ ದಾಟಿ ಹೊರಬರಲು ಸುಮಾರು ಮೂರು ತಿಂಗಳು ಬೇಕು, ಪ್ಯಾಕೇಜಿಂಗ್ ಬೇರೆ. ಅಂದರೆ ಸರದಿಯಲ್ಲಿ ಜಾಗ ಸಿಕ್ಕಮೇಲೂ ಒಂದು ಬೆಳೆಯಷ್ಟು ಕಾಲ ಕಾಯಬೇಕು.

ಎಡದಂಡೆ ಕಾಲುವೆ ಬಲ್ಲವರಿಗೆ ಇದರ ಹಂಚಿಕೆ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮುನಿರಾಬಾದಿನಲ್ಲಿ ಬಿಟ್ಟ ನೀರು ಮೇಲ್ಭಾಗದವರು ಹಾಯಿಸಿಕೊಂಡು ಮಿಕ್ಕರೆ ಮಾನ್ವಿ, ಸಿರವಾರದ ಕೊನೆಭಾಗಕ್ಕೆ. ಚಿಪ್‌ಗೂ ಮೇಲ್ಭಾಗ, ಕೊನೆಭಾಗ ಇದೆ. ಲಕ್ಷಗಟ್ಟಲೆ ಕೊಳ್ಳುವ ಫೋನ್ ಕಂಪನಿ ತೂಬಿನ ಬಾಯಲ್ಲೇ ಇರುತ್ತದೆ. ಕಾರಿನವರ ಪರವಾಗಿ 2021ರ ಜನವರಿಯಲ್ಲಿ ಜರ್ಮನಿಯ ಆರ್ಥಿಕ ಸಚಿವರೇ ತೈವಾನ್ ಸರ್ಕಾರಕ್ಕೆ ಪತ್ರ ಬರೆದರು. ಇಷ್ಟಾಗಿಯೂ ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿ ಹರಿಯಾಣ, ಗುಜರಾತ್ ಕಾರ್ಖಾನೆಗಳಲ್ಲಿ ಉತ್ಪಾದನೆ ಮಾಮೂಲಿನ ಸುಮಾರು 40 ಶೇಕಡಾಕ್ಕೆ ಇಳಿಯುತ್ತದೆ ಅಂತ ಹೇಳಬೇಕಾಯಿತು. ಗಣೇಶ ಚೌತಿಗೆ ಬರಬೇಕಿದ್ದ ಜಿಯೋಫೋನ್ ನೆಕ್ಸ್ಟ್ ದೀಪಾವಳಿಗೆ ಹೋಯಿತು. ಇಂಥವರಿಗೇ ಸಿಗದಿದ್ದಾಗ ವರ್ಷಕ್ಕೆ ಕೆಲವು ಸಾವಿರ ಚಿಪ್ ಕೊಳ್ಳುವ ಸಾರ್ಟೆಕ್ಸ್ ಕಂಪನಿ, ಅದರ ಹಿಂದೆ ಒಂದೇ ಒಂದು ಬೋರ್ಡ್ ಕೇಳುವ ಕಾರಟಗಿಯ ಗಿರಣಿ ಎಲ್ಲಿರುತ್ತವೆ ಅಂತ ಬೇರೆ ಹೇಳಬೇಕಾಗಿಲ್ಲ.

ಆ ವರ್ಷ ತೈವಾನಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಗಿರಣಿಯ ಮಾಲೀಕರಿಗೆ ಹೇಳಿದಾಗ ಅವರು ನಂಬಲಿಲ್ಲ. 2020ರಲ್ಲಿ ಒಂದೂ ಚಂಡಮಾರುತ ಆ ದ್ವೀಪದ ನೆಲ ಮುಟ್ಟಲಿಲ್ಲ, 56 ವರ್ಷದಲ್ಲಿ ಹಾಗಾಗಿದ್ದು ಅದೇ ಮೊದಲು. ಅಲ್ಲಿ ಚಂಡಮಾರುತ ಬಂದರೇನೇ ಅಣೆಕಟ್ಟು ತುಂಬುವುದು. ಚಿಪ್ ಕಾರ್ಖಾನೆಗೆ ನೀರು ವಿಪರೀತ ಬೇಕು, ಬಿಲ್ಲೆಯನ್ನು ಪ್ರತಿ ಹಂತದಲ್ಲೂ ಶುದ್ಧಾತಿಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಟಿಎಸ್‌ಎಂಸಿ ಒಂದೇ 2019ರಲ್ಲಿ ದಿನಕ್ಕೆ ಸುಮಾರು 1.56 ಲಕ್ಷ ಟನ್ ನೀರು ಬಳಸುತ್ತಿತ್ತು. ಬರ ಬಂದಾಗ ಸರ್ಕಾರ ಸುಮಾರು 74 ಸಾವಿರ ಹೆಕ್ಟೇರಿಗೆ, ಅಂದರೆ 1.8 ಲಕ್ಷ ಎಕರೆಗೆ, ನೀರಾವರಿ ನಿಲ್ಲಿಸಿತು. ದೇಶದ ನೀರಾವರಿ ಜಮೀನಿನ ಐದನೇ ಒಂದು ಪಾಲು ಅದು, ಬಹುಪಾಲು ಭತ್ತದ ಗದ್ದೆ. ರೈತರಿಗೆ ಬೆಳೆ ಬಿಟ್ಟಿದ್ದಕ್ಕೆ ಪರಿಹಾರ ಕೊಟ್ಟರು, ಕಾರ್ಖಾನೆಗಳು ಕಡಿತದ ನಡುವೆಯೂ ಟ್ಯಾಂಕರ್ ತರಿಸಿಕೊಂಡು ನಡೆದವು. "ಅಂದ್ರ ಅಲ್ಲಿ ಭತ್ತ ಒಣಗಿಸಿ ಮಾಡಿದ ಚಿಪ್ಪೂ ನಮಗ ಬರ್ಲಿಲ್ಲ" ಅಂದರು ಮಾಲೀಕರು. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿಯ ಸಭೆಯ ಕಡೆ ಕಿವಿ ಇಟ್ಟು ಕೂರುವ ಊರಿನವರು ಅವರು. ಅವರಿಗೆ ಚಿಪ್‌ಗಿಂತ ಆ ಪರಿಹಾರದ ಮೊತ್ತ ಎಷ್ಟು ಅನ್ನುವ ಕುತೂಹಲವೇ ಜಾಸ್ತಿ ಇತ್ತು.

ಸುಗ್ಗಿಯಲ್ಲಿ ಮಾಡಿದ್ದು

ನವೆಂಬರ್ ಎರಡನೇ ವಾರಕ್ಕೆ ಭತ್ತ ಬರತೊಡಗಿತು. ಸಾರ್ಟೆಕ್ಸ್ ಇಲ್ಲದೆಯೂ ಗಿರಣಿ ಓಡುತ್ತದೆ, ಅಕ್ಕಿ ಬರುತ್ತದೆ, ಆದರೆ ಆ ಅಕ್ಕಿಗೆ ದರ ಇಲ್ಲ. ಬೆಂಗಳೂರಿನ ಖರೀದಿದಾರ ಸೋನಾ ಮಸೂರಿಯನ್ನು ಕೈಯಲ್ಲಿ ಹಿಡಿದು ನೋಡುವಾಗ ಮೊದಲು ಹುಡುಕುವುದೇ ಕಪ್ಪು ಚುಕ್ಕಿಯನ್ನು. ಕ್ವಿಂಟಲಿಗೆ ಇಷ್ಟು ಕಡಿಮೆ ಅಂತ ಹೇಳಿ ತಗೊಂಡರೂ ಪುಣ್ಯ. ಈ ಗಿರಣಿಯದೇ ಒಂದು ಲೋಡು ಆ ತಿಂಗಳು ಯಶವಂತಪುರದಿಂದ ವಾಪಸ್ ಬಂತು. ಹೋಗಿ ಬಂದ ಲಾರಿ ಬಾಡಿಗೆ ಗಿರಣಿಯ ತಲೆಗೇ.

ಮೊದಲ ಉಪಾಯ ಜಾಬ್ ವರ್ಕ್. ಪಕ್ಕದ ಗಿರಣಿಯ ಸಾರ್ಟೆಕ್ಸಿನಲ್ಲಿ ದುಡ್ಡು ಕೊಟ್ಟು ಹಾಯಿಸುವುದು. ಕೇಳಲು ಸುಲಭ. ಆದರೆ ಸುಗ್ಗಿಯಲ್ಲಿ ಪಕ್ಕದವರಿಗೂ ತಮ್ಮ ಮಾಲೇ ಮುಖ್ಯ, ರಾತ್ರಿ ಹನ್ನೊಂದರ ಮೇಲೆ ಸರದಿ ಕೊಟ್ಟರು. ಚೀಲ ತುಂಬಿ, ಲಾರಿಗೆ ಏರಿಸಿ, ಅಲ್ಲಿ ಇಳಿಸಿ, ಹಾಯಿಸಿ, ಮತ್ತೆ ತುಂಬಿ ತರುವುದು. ಹಮಾಲಿ ಎರಡು ಪಟ್ಟಾಯಿತು. ಇನ್ನೊಂದು ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ: ಅಕ್ಕಿಯನ್ನು ಎಷ್ಟು ಸಲ ಎತ್ತಿ ಹಾಕುತ್ತೀರೋ ಅಷ್ಟು ನುಚ್ಚಾಗುತ್ತದೆ.

ಎರಡನೆಯದು ಚಿಪ್ಪನ್ನು ನಾವೇ ಹುಡುಕುವುದು. ಇದರಲ್ಲಿ ನನಗೆ ಮೊದಲಿಂದ ಸಂಶಯ ಇತ್ತು, ಆದರೂ ಕೈಬಿಡುವ ಹಾಗಿರಲಿಲ್ಲ. ಅಧಿಕೃತ ಮಾರಾಟಗಾರರ ಜಾಲತಾಣಗಳಲ್ಲಿ ಆ ಸಂಖ್ಯೆಯ ಮುಂದೆ ದಾಸ್ತಾನು ಸೊನ್ನೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಒಬ್ಬ ವ್ಯಾಪಾರಿ ಮೂಲಕ ಚೀನಾದ ಶೆನ್‌ಜೆನ್‌ನಿಂದ ಚಿಪ್ ತರಿಸಿದೆವು. ಕೊರತೆಗೆ ಮೊದಲು ಇದ್ದ ದರದ ಎಷ್ಟೋ ಪಟ್ಟು ಕೇಳಿದರು, ಕೊಟ್ಟೆವು.

ಪ್ಯಾಕೆಟ್ ಬಂದ ಮೇಲೆ ಬೆಸುಗೆ ಹಾಕುವ ಮೊದಲು ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಚಿಪ್ಪಿನ ಬೆನ್ನ ಮೇಲೆ ಒರೆಸಿದೆ. ಹತ್ತಿ ಕಪ್ಪಾಯಿತು. ಅಕ್ಷರಗಳ ಅಡಿಯಲ್ಲಿ ಬಣ್ಣದ ಪದರ, ಅದರಡಿ ಉಜ್ಜಿದ ಗೀರುಗಳು, ಗೀರುಗಳ ನಡುವೆ ಬೇರೊಂದು ಸಂಖ್ಯೆಯ ಅರ್ಧ ಅಳಿಸಿದ ಗುರುತು. ಹಳೇ ಬೋರ್ಡ್‌ಗಳಿಂದ ಕಿತ್ತು, ಬೆನ್ನು ಉಜ್ಜಿ, ಹೊಸ ಹೆಸರು ಬರೆದು ಮಾರುವ ದಂಧೆ ಇದು. ಎರಡನೇ ಕಡೆಯಿಂದ ಬಂದದ್ದರ ಬರಹ ಅಸಿಟೋನಿಗೆ ಅಳಿಯಲಿಲ್ಲ, ಬೆಸುಗೆ ಹಾಕಿ ಕೇಬಲ್ ಜೋಡಿಸಿ ಒಳಗಿನ ಗುರುತಿನ ಸಂಖ್ಯೆ ಓದಿಸಿದರೆ ಅದು ಅದೇ ಕುಟುಂಬದ ಸಣ್ಣ ತಮ್ಮ. ಪಾಠ ಅದಕ್ಕೆ ಹಿಡಿಸಲಿಲ್ಲ. ಈ ಎರಡು ಸಂಗತಿ ಆದಮೇಲೆ ಮಾಲೀಕರು ಇನ್ನು ಆ ದಾರಿ ಬೇಡ ಅಂದರು. ಕೊರತೆಯ ಕಾಲದಲ್ಲಿ ನಕಲಿ ಮಾಲು ಹೆಚ್ಚುವುದು ಹೊಸ ಸಂಗತಿಯಲ್ಲ, ಗೊಬ್ಬರ, ಬೀಜದ ವಿಷಯದಲ್ಲಿ ನಮ್ಮ ರೈತರಿಗೆ ಇದು ಚೆನ್ನಾಗಿಯೇ ಗೊತ್ತು.

ಕಲಬುರಗಿಯಿಂದ ಬಂದ ಬೋರ್ಡ್

ದಾರಿ ಸಿಕ್ಕಿದ್ದು ತೊಗರಿಯಿಂದ. ಕಲಬುರಗಿಯ ದಾಲ್ ಮಿಲ್‌ಗಳಲ್ಲೂ ಸಾರ್ಟೆಕ್ಸ್ ಇವೆ, ಬೇಳೆಯ ಬಣ್ಣ ನೋಡಿ ಆರಿಸಲು. ಅಲ್ಲಿನ ಒಂದು ಮಿಲ್ಲಿನಲ್ಲಿ ಇದೇ ಕಂಪನಿಯ, ಹೆಚ್ಚುಕಡಿಮೆ ಅದೇ ವಯಸ್ಸಿನ ಯಂತ್ರ ಗುಜರಿಗೆ ಹೋಗಲು ಕಾದಿತ್ತು. ಚ್ಯೂಟ್ ಹಾಳಾಗಿ, ಕವಾಟಗಳು ಕಿತ್ತುಹೋಗಿ, ಕಂಟ್ರೋಲ್ ಬೋರ್ಡ್ ಮಾತ್ರ ಜೀವಂತ. ಸುದ್ದಿ ಸಿಕ್ಕಿದ್ದು ಸರ್ವಿಸ್ ಹುಡುಗರ ವಾಟ್ಸ್ಆ್ಯಪ್ ಗುಂಪಿನಿಂದ, ಕಂಪನಿಯಿಂದಲ್ಲ.

ಆ ಬೋರ್ಡ್ ತಂದು ಇಲ್ಲಿ ಹಾಕಿದರೆ ಯಂತ್ರ ಎದ್ದಿತು, ಆದರೆ ಅದು ಅಕ್ಕಿಯನ್ನು ಬೇಳೆ ಅಂತ ತಿಳಿದು ಆರಿಸತೊಡಗಿತು. ನೋಡಲು ತಮಾಷೆಯಾಗಿತ್ತು, ಒಳ್ಳೇ ಅಕ್ಕಿಯೆಲ್ಲ ಗಾಳಿಯಲ್ಲಿ ಹಾರಿ ರಿಜೆಕ್ಟ್ ಚೀಲಕ್ಕೆ. ಆಗ ನಮ್ಮ ಸತ್ತ ಬೋರ್ಡಿನ ಫ್ಲ್ಯಾಶ್ ಚಿಪ್ ಕೆಲಸಕ್ಕೆ ಬಂತು. ಅದು ಬೇರೆ ವೋಲ್ಟೇಜಿನ ಗೆರೆಯಲ್ಲಿ ಇದ್ದುದರಿಂದ ಬದುಕಿತ್ತು. ಅದರೊಳಗಿನದನ್ನು ಮೊದಲು ಪ್ರೋಗ್ರಾಮರ್‌ನಲ್ಲಿ ಓದಿ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಆಮೇಲೆ ಚಿಪ್ಪನ್ನೇ ಕಿತ್ತು ಕಲಬುರಗಿಯ ಬೋರ್ಡಿಗೆ ಕೂರಿಸಿದೆ. ಎರಡೂ ಬೋರ್ಡಿನ ಎಫ್‌ಪಿಜಿಎ ಒಂದೇ ಸಂಖ್ಯೆಯದು ಎಂಬುದೇ ನಮ್ಮ ಅದೃಷ್ಟ. ಎರಡು ವರ್ಷ ಈಚಿನ ಯಂತ್ರವಾಗಿದ್ದರೆ ಫ್ಲ್ಯಾಶ್‌ನಲ್ಲಿರುವುದಕ್ಕೆ ಬೀಗ ಹಾಕಿರುತ್ತಿದ್ದರೋ ಏನೋ, ಆಗ ಈ ಉಪಾಯವೂ ಇಲ್ಲ.

ಆಮೇಲೆ ಹೊಂದಾಣಿಕೆ. ಒಂದು ಚ್ಯೂಟಿನ ಹಿಂದಿನ ಕ್ಯಾಮೆರಾ ಬೆಳಕನ್ನು ಬೇರೆ ರೀತಿ ಓದುತ್ತಿತ್ತು, ಬಿಳಿ ತಟ್ಟೆ ಇಟ್ಟು ಮತ್ತೆ ಮತ್ತೆ ಅಳತೆ ಸರಿಮಾಡಬೇಕಾಯಿತು. ಆ ಚ್ಯೂಟ್ ಕೊನೆಗೂ ಪೂರ್ತಿ ಸರಿಹೋಗಲಿಲ್ಲ. ಸಂವೇದನೆ ಏರಿಸಿದರೆ ಒಳ್ಳೇ ಕಾಳು ಹಾರುತ್ತದೆ, ಇಳಿಸಿದರೆ ಚುಕ್ಕಿ ಉಳಿಯುತ್ತದೆ. ಅದಕ್ಕೆ ಮಾಲು ಕಡಿಮೆ ಬಿಟ್ಟು ನಿಧಾನ ಓಡಿಸಿದರು. ಸಂಕ್ರಾಂತಿ ಹೊತ್ತಿಗೆ ಗಿರಣಿ ಬೆಂಗಳೂರಿಗೆ ಮತ್ತೆ ಸಾರ್ಟೆಕ್ಸ್ ಅಕ್ಕಿ ಕಳಿಸತೊಡಗಿತು. ಆದರೆ ಸುಗ್ಗಿಯ ತುರುಸು ಅಷ್ಟರಲ್ಲಿ ಮುಗಿದಿತ್ತು, ಇಬ್ಬರು ಹಳೇ ಖರೀದಿದಾರರು ಸಿಂಧನೂರಿನ ಬೇರೆ ಗಿರಣಿಗೆ ಹೋಗಿಬಿಟ್ಟಿದ್ದರು.

ಧೊಲೇರಾ ಬಂದಿದ್ದರೆ?

ಈ ಕಥೆ ಹೇಳಿದಾಗಲೆಲ್ಲ ಬರುವ ಮಾತು: ನಮ್ಮ ದೇಶದಲ್ಲೇ ಚಿಪ್ ಕಾರ್ಖಾನೆ ಆದರೆ ಈ ಸಮಸ್ಯೆ ಇರುವುದಿಲ್ಲ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ, ಇಲ್ಲಿ ನಾವು ಜಾಬ್ ವರ್ಕ್ ಲಾರಿ ಕಾಯುತ್ತಿದ್ದ ಅದೇ ತಿಂಗಳು, 76,000 ಕೋಟಿ ರೂಪಾಯಿಯ ಸೆಮಿಕಾನ್ ಇಂಡಿಯಾ ಯೋಜನೆ ಘೋಷಿಸಿತು. 2024ರ ಫೆಬ್ರವರಿಯಲ್ಲಿ ಗುಜರಾತಿನ ಧೊಲೇರಾದಲ್ಲಿ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಕಟ್ಟುವ 91,000 ಕೋಟಿಯ ಕಾರ್ಖಾನೆಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಮಾಡುವುದು 28ರಿಂದ 110 ನ್ಯಾನೊಮೀಟರ್ ಚಿಪ್‌ಗಳು, ತಿಂಗಳಿಗೆ 50,000 ಬಿಲ್ಲೆ. ಹಳೇ ತಲೆಮಾರು ಆರಿಸಿದ್ದು ಸರಿಯಾದ ತೀರ್ಮಾನ ಅಂತ ನನ್ನ ಅನಿಸಿಕೆ. 3 ನ್ಯಾನೊಮೀಟರಿನ ಹುಚ್ಚು ಹಿಡಿಸಿಕೊಂಡಿದ್ದರೆ ದುಡ್ಡೂ ಹೋಗುತ್ತಿತ್ತು, ನಮ್ಮಂಥವರ ಬೋರ್ಡಿಗೂ ಉಪಯೋಗ ಇರುತ್ತಿರಲಿಲ್ಲ.

ಆದರೆ ಧೊಲೇರಾ 2021ರಲ್ಲೇ ಓಡುತ್ತಿದ್ದರೂ ಕಾರಟಗಿಯ ಯಂತ್ರ ಏಳುತ್ತಿರಲಿಲ್ಲ. ನಮ್ಮ ಎಫ್‌ಪಿಜಿಎಯ ವಿನ್ಯಾಸ ಅಮೆರಿಕದ ಕಂಪನಿಯದು, ಅದನ್ನು ಏಷ್ಯಾದ ಒಂದು ನಿರ್ದಿಷ್ಟ ಕಾರ್ಖಾನೆಯ ಯಂತ್ರ, ರಾಸಾಯನಿಕ, ಅಳತೆಗಳಿಗೆ ಹೊಂದಿಸಿ ಅಚ್ಚು ಮಾಡಿರುತ್ತಾರೆ. ಅದೇ ಚಿಪ್ಪನ್ನು ಬೇರೆ ಕಾರ್ಖಾನೆಗೆ ಒಯ್ಯುವುದೆಂದರೆ ವಿನ್ಯಾಸ ಮತ್ತೆ ಹೊಂದಿಸಿ, ಹೊಸ ಮಾಸ್ಕ್ (ಚಿಪ್ಪಿನ ಅಚ್ಚು) ಮಾಡಿ, ಮತ್ತೆ ಪರೀಕ್ಷಿಸುವುದು. ವರ್ಷದ ಮೇಲಿನ ಕೆಲಸ, ಅದೂ ಒಡೆಯನ ಒಪ್ಪಿಗೆ ಇದ್ದರೆ. ಕಾರ್ಖಾನೆ ಇದ್ದ ಮಾತ್ರಕ್ಕೆ ಬೇಕಾದ ಚಿಪ್ ಬರುವುದಿಲ್ಲ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ 1989ರಲ್ಲಿ ಬೆಂಕಿಗೆ ಸುಟ್ಟಿತು, ಮತ್ತೆ ಎದ್ದಮೇಲೂ ಅದು ಮುಖ್ಯವಾಗಿ ಬಾಹ್ಯಾಕಾಶ, ರಕ್ಷಣೆಯ ಕೆಲಸಕ್ಕೇ ಸೀಮಿತವಾಯಿತು. ನಿಜವಾದ ಉಪಯೋಗ ಆಗುವುದು ಯಂತ್ರ ತಯಾರಿಸುವವರು ಇಲ್ಲಿಯ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟು ಹೊಸ ಬೋರ್ಡ್ ವಿನ್ಯಾಸ ಮಾಡಿದಾಗ. ಪ್ಯಾಕೇಜಿಂಗ್ ಘಟಕಗಳು ಅದಕ್ಕಿಂತ ಬೇಗ ಫಲ ಕೊಡಬಹುದು, ಸಾಣಂದ್‌ನಲ್ಲಿ ಮೈಸೂರಿನ ಕೇನ್ಸ್ ಸೇರಿ ಕೆಲವು ಕಂಪನಿಗಳು ಆ ಕೆಲಸಕ್ಕೆ ಇಳಿದಿವೆ.

ಇನ್ನೊಂದು ಕಡೆ ಅಪಾಯ ಜಾಗ ಬದಲಿಸುತ್ತಿದೆ. ಹಳೇ ತಲೆಮಾರಿನ ಚಿಪ್‌ಗಳಿಗೆ ಹೊಸ ಸಾಮರ್ಥ್ಯ ಮುಖ್ಯವಾಗಿ ಕಟ್ಟುತ್ತಿರುವುದು ಚೀನಾ. 2023ರ ಆಗಸ್ಟ್ 1ರಿಂದ ಚಿಪ್ ಉದ್ಯಮಕ್ಕೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಅದು ಪರವಾನಗಿ ಕಡ್ಡಾಯ ಮಾಡಿತು. 2025ರ ಅಕ್ಟೋಬರ್‌ನಲ್ಲಿ ನೆಕ್ಸ್‌ಪೀರಿಯಾ ಎಂಬ ಡಚ್ ಕಂಪನಿಯ ಹಿಡಿತಕ್ಕಾಗಿ ನೆದರ್ಲೆಂಡ್ಸ್ ಮತ್ತು ಚೀನಾ ನಡುವೆ ಜಟಾಪಟಿಯಾಗಿ, ಅದರ ಡೊಂಗುವಾನ್ ಘಟಕದ ಮಾಲು ಚೀನಾದಿಂದ ಹೊರಹೋಗುವುದೇ ನಿಂತಿತು. ಆ ಕಂಪನಿ ಮಾಡುವುದು ಡಯೋಡ್, ಟ್ರಾನ್ಸಿಸ್ಟರ್, ಮಾಸ್ಫೆಟ್ (ಕರೆಂಟಿಗೆ ಸ್ವಿಚ್‌ನಂತೆ ಕೆಲಸ ಮಾಡುವ ಬಿಡಿಭಾಗ). ಪೈಸೆ, ರೂಪಾಯಿ ಲೆಕ್ಕದ ಸಾಮಾನು. ಅಷ್ಟಕ್ಕೇ ಯುರೋಪು, ಜಪಾನಿನ ಕಾರು ಕಂಪನಿಗಳು ಪರದಾಡಿದವು. ಸಾರ್ಟೆಕ್ಸಿನ ಗಾಳಿ ಕವಾಟಗಳನ್ನು ಹೊಡೆಸುವುದೂ ಅಂಥ ಮಾಸ್ಫೆಟ್‌ಗಳೇ.

ಈಗ ಗಿರಣಿಯಲ್ಲಿ

2022ರ ಮಳೆಗಾಲದಲ್ಲಿ ಬಂದ ಹೊಸ ಬೋರ್ಡ್ ಹಾಕಿದೆವು. ಬುಕ್ ಮಾಡಿದಾಗಿನ ದರಕ್ಕಿಂತ ಹೆಚ್ಚು ಕೊಟ್ಟರು, ಚೌಕಾಶಿಗೆ ಜಾಗವೇ ಇರಲಿಲ್ಲ. ಹೊಸ ಬೋರ್ಡಿನಲ್ಲಿ ಎಫ್‌ಪಿಜಿಎಯೇ ಬೇರೆ ಮಾದರಿಯದು. ಕೊರತೆ ಕಾಲದಲ್ಲಿ ಕಂಪನಿ ವಿನ್ಯಾಸ ಬದಲಿಸಿದೆ ಅಂತ ಕಾಣುತ್ತದೆ. ಕಲಬುರಗಿಯ ಬೋರ್ಡ್ ಈಗ ಕಪಾಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಸಿಲಿಕಾ ಪೊಟ್ಟಣದ ಜೊತೆ. ಅದು ಬದಲಿ ಬೋರ್ಡ್.

ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗದ ರಿಪೇರಿ ಅದೇ, ಮೊದಲೇ ಆಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಹೋಗುವ ಗಿರಣಿಗಳಲ್ಲಿ ಈಗ ಯಂತ್ರ ಚೆನ್ನಾಗಿರುವಾಗಲೇ ಫ್ಲ್ಯಾಶಿನ ಪ್ರತಿ ತೆಗೆದು, ಬೋರ್ಡಿನ ಪ್ರತಿ ಚಿಪ್ಪಿನ ಸಂಖ್ಯೆಯ ಫೋಟೊ ಇಡುತ್ತೇನೆ. ಹೊಸ ಯಂತ್ರ ಕೊಳ್ಳುವವರಿಗೆ ಹೇಳುವುದು: ಗಂಟೆಗೆ ಎಷ್ಟು ಟನ್ ಅಂತ ಕೇಳುವ ಜೊತೆಗೆ ಕಂಟ್ರೋಲ್ ಬೋರ್ಡ್ ಎಷ್ಟು ವರ್ಷ ಸಿಗುತ್ತದೆ, ಭಾರತದಲ್ಲಿ ದಾಸ್ತಾನು ಎಲ್ಲಿದೆ ಅಂತ ಬರಹದಲ್ಲಿ ಕೇಳಿ. ಹೆಚ್ಚಿನವರು ಬರೆದು ಕೊಡುವುದಿಲ್ಲ. ಕೊಡದಿದ್ದರೆ ಯಂತ್ರದ ಜೊತೆಗೇ ಒಂದು ಬೋರ್ಡ್ ಹೆಚ್ಚಿಗೆ ತಗೊಳ್ಳಿ, ಚೌಕಾಶಿ ಮಾಡಲು ಅದೊಂದೇ ಹೊತ್ತು.

ಕಾರಟಗಿ, ಗಂಗಾವತಿ, ಸಿಂಧನೂರಿನ ಒಂದೇ ಮಾದರಿಯ ಸಾರ್ಟೆಕ್ಸ್ ಇರುವ ಗಿರಣಿಗಳು ಸೇರಿ ಎರಡು ಬೋರ್ಡ್ ಸಾಮೂಹಿಕವಾಗಿ ಇಟ್ಟುಕೊಳ್ಳಬೇಕು ಅಂತ ಮಾಲೀಕರು ಹೇಳುತ್ತ ಬಂದಿದ್ದಾರೆ. ಎಲ್ಲರೂ ಹೌದು ಅಂದಿದ್ದಾರೆ. ಬಿಲ್ ಯಾರ ಹೆಸರಿಗೆ, ಜಿಎಸ್‌ಟಿ ಯಾರು ಹಿಂಪಡೆಯುವುದು, ಒಂದೇ ವಾರದಲ್ಲಿ ಇಬ್ಬರ ಯಂತ್ರ ಕೆಟ್ಟರೆ ಮೊದಲು ಯಾರಿಗೆ, ಈ ಮೂರರ ಮೇಲೆ ಮಾತು ನಿಂತಿದೆ.